ಎಣ್ಣೆ ಡಬ್ಬಕ್ಕಿಂತ ಚಿಕ್ಕ ಕಂಪ್ಯೂಟರ್: ಒಳಗೆ ಯಾವುದು ಎಲ್ಲಿ?

ಪ್ರಶ್ನೆ: ನಮ್ಮ ಭಾವನವರದು ಹುಬ್ಬಳ್ಳಿಯಲ್ಲಿ ಶೀಟ್ ಮೆಟಲ್ ವರ್ಕ್‌ಶಾಪ್ ಇದೆ. ಲೇಸರ್ ಕಟಿಂಗ್, ಬೆಂಡಿಂಗ್ ಎರಡೂ ಅಲ್ಲೇ ಆಗುತ್ತದೆ. 10 ಲೀಟರ್ ಒಳಗೆ ಬರುವಂಥ ಒಂದು ಕಂಪ್ಯೂಟರ್ ಕೇಸನ್ನು ನಾನೇ ಡಿಸೈನ್ ಮಾಡಿ ಅಲ್ಲಿ ಮಾಡಿಸಬೇಕೆಂದಿದ್ದೇನೆ. ಮಿನಿ ಐಟಿಎಕ್ಸ್ ಎಂಬ ಚಿಕ್ಕ ಗಾತ್ರದ ಮದರ್‌ಬೋರ್ಡ್, ರೈಜನ್ 5 7600 ಪ್ರೊಸೆಸರ್, ಎರಡು ಫ್ಯಾನಿನ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಇವೆ. ಹಳೆಯ ಎಟಿಎಕ್ಸ್ ಪವರ್ ಸಪ್ಲೈ ಇದೆ. ಒಳಗೆ ಯಾವುದನ್ನು ಎಲ್ಲಿ ಇಡಬೇಕು? ಇಷ್ಟು ಚಿಕ್ಕದರಲ್ಲಿ ಬಿಸಿ ಆಗಲ್ವಾ? ಮುಂದೆ ಎರಡು, ಮೇಲೆ ಎರಡು ಫ್ಯಾನ್ ಹಾಕು ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ನಾಲ್ಕು ಫ್ಯಾನಿನ ಮಾತನ್ನು ಮೊದಲು ಬದಿಗಿಡಿ. ದೊಡ್ಡ ಟವರ್ ಕೇಸಿಗೆ ಅದು ಸರಿ. ಅಲ್ಲಿ ಪ್ರೊಸೆಸರ್ ಕೂಲರ್ ಹೊರಗಿನ ಗಾಳಿಯಿಂದ ದೂರ, ನಡುಮನೆಯಲ್ಲಿ ಕೂತಿರುತ್ತದೆ. ಗಾಳಿಯನ್ನು ಯಾರಾದರೂ ಅಲ್ಲಿಗೆ ತಂದುಕೊಡಬೇಕು. ಚಿಕ್ಕ ಕೇಸಿನಲ್ಲಿ ಹಾಗಲ್ಲ. ಬಿಸಿಯಾಗುವ ಪ್ರತಿಯೊಂದು ಭಾಗವೂ ಗೋಡೆಯ ಪಕ್ಕದಲ್ಲೇ ಇರುತ್ತದೆ. ಆ ಗೋಡೆಗೆ ತೂತು ಹಾಕಿದರೆ ಸಾಕು, ಅದರದೇ ಫ್ಯಾನ್ ಹೊರಗಿನ ಗಾಳಿಯನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಒಂದು ಭಾಗ ಉಗುಳಿದ ಬಿಸಿಯನ್ನು ಇನ್ನೊಂದು ಭಾಗ ನುಂಗುವ ಹಾಗೆ ಜೋಡಿಸಿದರೆ ಮಾತ್ರ ಚಿಕ್ಕ ಕೇಸ್ ಒಲೆಯಾಗುತ್ತದೆ. ಹಾಗಾಗಿ ಪ್ರೊಸೆಸರ್, ಕಾರ್ಡ್, ಪವರ್ ಸಪ್ಲೈ ಮೂರಕ್ಕೂ ಬೇರೆ ಬೇರೆ ಕಿಟಕಿ ಕೊಡಿ. ನಿಮ್ಮ ಡ್ರಾಯಿಂಗ್ ಇಲ್ಲಿಂದ ಶುರುವಾಗಲಿ.

ಎಷ್ಟು ಬಿಸಿ ಅಂತ ನೋಡೋಣ. ನಿಮ್ಮ 7600 ಪೂರ್ತಿ ಓಡಿದಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ. ಕಾರ್ಡ್ 115 ವ್ಯಾಟ್. ಬೋರ್ಡ್, ಡಿಸ್ಕ್, ಪವರ್ ಸಪ್ಲೈಯ ನಷ್ಟ ಎಲ್ಲ ಸೇರಿಸಿದರೆ 250 ವ್ಯಾಟ್ ಹತ್ತಿರ ಹೋಗುತ್ತದೆ. ಹಳೇ ಕಾಲದ 100 ವ್ಯಾಟಿನ ಬಲ್ಬು ಗೊತ್ತಲ್ಲ, ಅಂಥ ಎರಡೂವರೆ ಬಲ್ಬನ್ನು ಡಬ್ಬದೊಳಗೆ ಉರಿಸಿದ ಹಾಗೆ. ಅದೂ ಕಿರಾಣಿ ಅಂಗಡಿಯ 15 ಲೀಟರಿನ ಎಣ್ಣೆ ಡಬ್ಬಕ್ಕಿಂತ ಚಿಕ್ಕ ಡಬ್ಬ. ಮುಚ್ಚಿಟ್ಟರೆ ಕಷ್ಟ, ಗಾಳಿ ಆಡಿದರೆ ಏನೇನೂ ಅಲ್ಲ.

ಇನ್ನು ಜಾಗ. ಎಟಿಎಕ್ಸ್ ಪವರ್ ಸಪ್ಲೈ ಸಾಮಾನ್ಯವಾಗಿ 150 × 86 × 140 ಮಿ.ಮೀ ಇರುತ್ತದೆ, ಅಂದರೆ 1.8 ಲೀಟರ್. ಅದರ ತಮ್ಮ ಎಸ್‌ಎಫ್‌ಎಕ್ಸ್ 125 × 63.5 × 100 ಮಿ.ಮೀ, 0.8 ಲೀಟರ್. ಒಂದೇ ಭಾಗ ಬದಲಿಸಿದರೆ ಒಂದು ಲೀಟರ್ ಉಳಿತಾಯ. ಹಳೆಯದನ್ನು ಯಾರಿಗಾದರೂ ಕೊಟ್ಟುಬಿಡಿ, 450 ವ್ಯಾಟಿನ ಒಂದು ಒಳ್ಳೆಯ ಎಸ್‌ಎಫ್‌ಎಕ್ಸ್ ನಿಮಗೆ ಧಾರಾಳವಾಯಿತು. ದುಡ್ಡು ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಆದರೆ ಹಳೆಯದನ್ನೇ ಇಟ್ಟುಕೊಂಡರೆ ಕೇಸ್ ಅದರ ಸುತ್ತ ಬೆಳೆಯುತ್ತದೆ, ನಿಮ್ಮ ಇಷ್ಟದಂತೆ ಅಲ್ಲ. ಎಸ್‌ಎಫ್‌ಎಕ್ಸ್ 0.8, ಕಾರ್ಡ್ ಸುಮಾರು 1.2, ಬೋರ್ಡ್ ಮತ್ತು ಗಿಡ್ಡ ಕೂಲರ್ ಸೇರಿ 1.7. ಎಲ್ಲ ಕೂಡಿದರೆ ನಾಲ್ಕು ಲೀಟರೂ ಆಗುವುದಿಲ್ಲ. ಉಳಿದ ಜಾಗ ಗಾಳಿಗೆ ಮತ್ತು ತಂತಿಗೆ. ತಂತಿಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದರದೊಂದು ಕಥೆಯೇ ಇದೆ.

ಜೋಡಣೆಯಲ್ಲಿ ಎರಡು ದಾರಿ ಇವೆ. ಒಂದರಲ್ಲಿ ಕಾರ್ಡನ್ನು ಮಾಮೂಲಿನಂತೆ ಬೋರ್ಡಿನ ಸ್ಲಾಟಿಗೇ ಚುಚ್ಚುತ್ತೀರಿ. 2013ರಲ್ಲಿ ಬಂದ 12.6 ಲೀಟರಿನ ಎನ್‌ಕೇಸ್ ಎಂ1 ಹೀಗಿತ್ತು. ಸರಳ, ಕಾರ್ಡನ್ನು ದೂರದಿಂದ ಸ್ಲಾಟಿಗೆ ಸೇರಿಸುವ ರೈಸರ್ ಕೇಬಲಿನ ಗೋಜಿಲ್ಲ, ಎತ್ತರದ ಕೂಲರ್ ಕೂಡ ಹಿಡಿಸುತ್ತದೆ. ಆದರೆ 10 ಲೀಟರಿಗೆ ಇಳಿಸುವುದು ಕಷ್ಟ. ಇನ್ನೊಂದು ಸ್ಯಾಂಡ್‌ವಿಚ್ ಜೋಡಣೆ. ನಡುವೆ ಒಂದು ತಗಡು ನಿಲ್ಲುತ್ತದೆ. ಇದನ್ನು ಸ್ಪೈನ್ ಅನ್ನುತ್ತಾರೆ, ನಾವು ಬೆನ್ನುಮೂಳೆ ಅನ್ನೋಣ. ಒಂದು ಬದಿಗೆ ಬೋರ್ಡ್, ಇನ್ನೊಂದು ಬದಿಗೆ ಕಾರ್ಡ್, ಬೆನ್ನಿಗೆ ಬೆನ್ನು ಹಾಕಿ ಕೂತ ಹಾಗೆ. ಎರಡನ್ನೂ ಕೆಳಗಿನಿಂದ ಸುತ್ತಿ ಬರುವ ರೈಸರ್ ಕೇಬಲ್ ಸೇರಿಸುತ್ತದೆ. ಈ ಜೋಡಣೆಗೆ ಹೆಸರು ತಂದುಕೊಟ್ಟದ್ದು ಜರ್ಮನಿಯ ಡ್ಯಾನ್ ಕೇಸಸ್‌ನ ಎ4-ಎಸ್‌ಎಫ್‌ಎಕ್ಸ್. ಅದು ಬರೀ 7.2 ಲೀಟರ್. ನಿಮಗೂ ಇದೇ ಸರಿ. ಕಾರ್ಡಿನ ಮುಖ ಎಡಗೋಡೆಗೆ, ಪ್ರೊಸೆಸರಿನ ಮುಖ ಬಲಗೋಡೆಗೆ. ಕೇಳದೆಯೇ ಎರಡು ಕಿಟಕಿ ಸಿಕ್ಕವು, ಅಲ್ವಾ?

ಈಗ ಅಗಲವನ್ನು ಎಡದಿಂದ ಬಲಕ್ಕೆ ಕೂಡುತ್ತಾ ಬನ್ನಿ. ಪೇಪರು ಪೆನ್ನು ತೆಗೆದುಕೊಳ್ಳಿ. ಎಡಗೋಡೆಯ ತಗಡು 1 ಮಿ.ಮೀ. ಗೋಡೆಗೂ ಕಾರ್ಡಿನ ಫ್ಯಾನಿಗೂ ನಡುವೆ 5. ಒಂದು ಸ್ಲಾಟ್ ಅಂದರೆ 20.32 ಮಿ.ಮೀ, ಎರಡು ಸ್ಲಾಟಿನ ಕಾರ್ಡಿಗೆ 41 ಇಟ್ಟುಕೊಳ್ಳಿ. ಕಾರ್ಡಿನ ಬೆನ್ನಿಗೆ 6. ಬೆನ್ನುಮೂಳೆ 1.5. ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಗಿಡ್ಡ ಕಂಬ, ಅಂದರೆ ಸ್ಟ್ಯಾಂಡಾಫ್, 6.5, ಬೋರ್ಡ್ 1.6. ಬೋರ್ಡಿನಿಂದ ಪ್ರೊಸೆಸರಿನ ನೆತ್ತಿಗೆ 8. ಕೂಲರ್ 47. ಕೂಲರಿಗೂ ಗೋಡೆಗೂ 5. ಬಲಗೋಡೆ 1. ಒಟ್ಟು 123.6, ಅಂದರೆ 124 ಮಿ.ಮೀ. ಇಲ್ಲಿ ಹೊಸಬರು ತಪ್ಪುವುದು ಆ 8 ಮಿ.ಮೀ ಜಾಗದಲ್ಲಿ. ಕೂಲರಿನ ಎತ್ತರವನ್ನು ಕಂಪನಿಗಳು ಪ್ರೊಸೆಸರಿನ ನೆತ್ತಿಯಿಂದ ಹೇಳುತ್ತವೆ, ಬೋರ್ಡಿನಿಂದಲ್ಲ. ಅದನ್ನು ಮರೆತರೆ ಕೂಲರ್ ಗೋಡೆಗೆ ಗುದ್ದುತ್ತದೆ.

ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟದ ಒಂದು ಸಂಗತಿ ಇದೆ. ಬೆನ್ನುಮೂಳೆಯಿಂದ ಬಲಗೋಡೆಯವರೆಗೆ 68 ಮಿ.ಮೀ ಬಂತು. ಎಸ್‌ಎಫ್‌ಎಕ್ಸ್ ಪವರ್ ಸಪ್ಲೈಯ ದಪ್ಪ 63.5. ಹೇಳಿ ಮಾಡಿಸಿದ ಹಾಗೆ, ಬೋರ್ಡಿನ ಮುಂದಿರುವ ಖಾಲಿ ಜಾಗದಲ್ಲಿ ಅದು ಬಂದು ಕೂರುತ್ತದೆ. ಫ್ಯಾನ್ ಬಲಗೋಡೆಗೆ ಮುಖ ಮಾಡಿರಲಿ, ಮೂರನೇ ಕಿಟಕಿಯೂ ಆಯಿತು. ಅದನ್ನು ಮಲಗಿಸಬೇಡಿ, ನಿಲ್ಲಿಸಿ: 125 ಮಿ.ಮೀ ಬದಿ ಕೇಸಿನ ಉದ್ದಕ್ಕೆ, 100 ಮಿ.ಮೀ ಬದಿ ಎತ್ತರಕ್ಕೆ, ತಂತಿ ಹೊರಡುವ ಮುಖ ಕೆಳಕ್ಕೆ. ಆಗ ಉದ್ದದಲ್ಲಿ ಬೋರ್ಡಿಗೆ 170, ಬೋರ್ಡಿನ ಅಂಚಿನಲ್ಲಿ ತಂತಿ ಬಾಗುವುದಕ್ಕೆ 20, ಪವರ್ ಸಪ್ಲೈಗೆ 125, ಒಟ್ಟು 315. ಅದರ ಕೆಳಗೆ ಉಳಿಯುವ ಮೂಲೆಯೇ ತಂತಿಗಳ ಗೋದಾಮು. ಹೊರ ಅಳತೆ 124 × 220 × 325 ಮಿ.ಮೀ ಇಟ್ಟುಕೊಂಡರೆ 8.9 ಲೀಟರ್. ನಿಮ್ಮ ಹತ್ತರೊಳಗೆ ಆರಾಮವಾಗಿ ಬಂತು.

ಮುಂದೆ ದಪ್ಪದ ಕಾರ್ಡ್ ಕೊಳ್ಳುವ ಯೋಚನೆ ಇದ್ದರೆ ಬೆನ್ನುಮೂಳೆಯನ್ನು ಗಟ್ಟಿ ಕೂರಿಸಬೇಡಿ. ಫ್ರ್ಯಾಕ್ಟಲ್ ಕಂಪನಿಯ ಟೆರ್ರಾ ಎಂಬ 10.4 ಲೀಟರ್ ಕೇಸಿನಲ್ಲಿ ಅದು ಪಕ್ಕಕ್ಕೆ ಸರಿಯುತ್ತದೆ. ಕಾರ್ಡಿಗೆ ಜಾಸ್ತಿ ಬೇಕಾದರೆ ಕೂಲರಿನಿಂದ ಕಿತ್ತುಕೊಳ್ಳುವುದು, ಕೂಲರಿಗೆ ಬೇಕಾದರೆ ಕಾರ್ಡಿನಿಂದ. ನಿಮ್ಮ ಭಾವನವರ ಮೆಷಿನ್ನಿಗೆ ತೂತಿನ ಬದಲು ಉದ್ದನೆಯ ಸ್ಲಾಟ್ ಕೊರೆಯುವುದು ಏನು ಮಹಾ.

ಈಗ ತಂತಿಯ ಕಥೆ. ನಾನು ಮೊದಲು ಮಾಡಿಸಿದ ಕೇಸಿನಲ್ಲಿ ಪ್ರತಿಯೊಂದು ಭಾಗವನ್ನೂ ಮಿಲಿಮೀಟರಿಗೆ ಅಳೆದಿದ್ದೆ. ಎಲ್ಲ ಕೂತವು. ಕೊನೆಗೆ ಬಾಗಿಲು ಹಾಕಲು ಹೋದರೆ ಹಾಕಲಿಕ್ಕೇ ಆಗುತ್ತಿಲ್ಲ. ಕಾರ್ಡಿನ ಪವರ್ ಕನೆಕ್ಟರ್ ಮೇಲ್ಮುಖವಾಗಿತ್ತು. ಕಾರ್ಡಿನ ಎತ್ತರ ಬರೆದುಕೊಂಡಿದ್ದೆ, ಅದರ ಮೇಲೆ ಪ್ಲಗ್ಗು ಕೂತು ತಂತಿ ಬಾಗುವುದಕ್ಕೆ ಬೇಕಾದ ಜಾಗವನ್ನು ಬರೆದಿರಲಿಲ್ಲ. ಬೋರ್ಡಿನ 24 ಪಿನ್ನಿನ ತಂತಿಯಂತೂ ಹೆಬ್ಬೆರಳಿಗಿಂತ ದಪ್ಪ, ಹಗ್ಗದ ಹಾಗೆ ಸೆಟೆದುಕೊಂಡಿತ್ತು. ಒತ್ತಿ ಸ್ಕ್ರೂ ಹಾಕಿದೆ. ಗೋಡೆ ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿತು. ಎರಡು ದಿನ ಬಿಟ್ಟು ಒಳಗಿಂದ ಟರ್ರ್ ಅಂತ ಸದ್ದು. ತೆಗೆದು ನೋಡಿದರೆ ಒಂದು ತಂತಿ ಕೂಲರಿನ ರೆಕ್ಕೆಗೆ ತಾಗಿ ಅದರ ಮೇಲಿನ ಬಲೆ ಸವೆದಿತ್ತು.

ಅದಕ್ಕೇ ಹೇಳುವುದು, ತಂತಿಯನ್ನೂ ಒಂದು ಭಾಗ ಅಂತ ಎಣಿಸಿ. ಡ್ರಾಯಿಂಗಿನಲ್ಲಿ ಅದಕ್ಕೂ ಒಂದು ಚೌಕ ಬರೆಯಿರಿ. ನಿಮ್ಮ ಕಾರ್ಡಿನ ಮೇಲೆ 35 ಮಿ.ಮೀ ಖಾಲಿ ಬಿಡಿ. ಮುಂದೆ 16 ಪಿನ್ನಿನ ಹೊಸ ಕನೆಕ್ಟರ್ ಇರುವ ಕಾರ್ಡ್ ಬಂದರೂ ಅಷ್ಟು ಬೇಕು. ಅದನ್ನು ಬುಡದಲ್ಲೇ ಬಗ್ಗಿಸಬಾರದು, ಪೂರ್ತಿ ಒಳಗೆ ಕೂರದಿದ್ದರೆ ಕರಗಿಹೋಗಬಹುದು. ಪವರ್ ಸಪ್ಲೈ ಮಾಡ್ಯುಲರ್, ಅಂದರೆ ತಂತಿ ಬಿಚ್ಚಿಡಬಹುದಾದದ್ದು ಆಗಿರಲಿ, ಬೇಡದ ತಂತಿ ಒಳಗೆ ಬರುವುದೇ ಬೇಡ. ಗಿಡ್ಡ ತಂತಿ ಮಾಡಿಸುವುದಾದರೆ ನಿಮ್ಮ ಪವರ್ ಸಪ್ಲೈ ಮಾಡೆಲಿಗೇ ಮಾಡಿಸಿ. ಬೇರೆ ಕಂಪನಿಯ ತಂತಿ ಚೆನ್ನಾಗಿ ಚುಚ್ಚಿಕೊಳ್ಳುತ್ತದೆ, ಆದರೆ ಪಿನ್ನುಗಳ ಕ್ರಮ ಬೇರೆ ಇರಬಹುದು. ಸ್ವಿಚ್ ಹಾಕಿದ ಕ್ಷಣ ಡಿಸ್ಕ್ ಹೋಗುತ್ತದೆ.

ಗಾಳಿಯ ವಿಷಯ. ಕಾರ್ಡಿನ ಫ್ಯಾನ್, ಕೂಲರಿನ ಫ್ಯಾನ್, ಪವರ್ ಸಪ್ಲೈ ಫ್ಯಾನ್ ಮೂರೂ ಹೊರಗಿನಿಂದ ಒಳಕ್ಕೆ ಎಳೆಯಲಿ. ಬಿಸಿಯಾದದ್ದು ಹೊರಗೆ ಹೋಗುವುದಕ್ಕೆ ಮೇಲ್ಗಡೆ ಒಂದೇ ಒಂದು ಫ್ಯಾನ್ ಸಾಕು, 120 ಮಿ.ಮೀ ಅಗಲದ, 15 ಮಿ.ಮೀ ದಪ್ಪದ ತೆಳು ಫ್ಯಾನ್. ನಿಮ್ಮ ಒಳ ಅಗಲ 122, ಎರಡೂ ಕಡೆ ಒಂದೊಂದು ಮಿ.ಮೀ ಬಿಟ್ಟು ಅದು ಕೂರುತ್ತದೆ. ಬಿಸಿ ಗಾಳಿ ತಾನಾಗಿಯೇ ಮೇಲೇರುತ್ತದೆ ಎನ್ನುವುದು ನಿಜ, ಆದರೆ ಫ್ಯಾನಿನ ಎದುರು ಆ ಬಲ ಏನೂ ಅಲ್ಲ. ಮೇಲೆ ಇಡಿ ಎನ್ನುವುದಕ್ಕೆ ನನ್ನ ಕಾರಣ ಬೇರೆ: ಎರಡೂ ಪಕ್ಕದಿಂದ ಒಳಕ್ಕೆ ಬರುತ್ತಿದೆ, ಹಿಂದೆ ಕನೆಕ್ಟರುಗಳಿವೆ, ಕೆಳಗೆ ಮೇಜಿದೆ. ಉಳಿದ ದಾರಿ ಮೇಲಿನದೇ.

ಗೋಡೆಗೂ ಫ್ಯಾನಿಗೂ ನಡುವಿನ ಆ 5 ಮಿ.ಮೀ ಬಗ್ಗೆ ಒಂದು ಮಾತು. ತೂತಿನ ಗೋಡೆಗೆ ಫ್ಯಾನನ್ನು ಪೂರ್ತಿ ಅಂಟಿಸಿದರೆ ಕುಂಯ್ ಅಂತ ಕೂಗುತ್ತದೆ. ದೂರ ಇಟ್ಟರೆ ಹೊರಗಿನ ಗಾಳಿಯ ಬದಲು ಪಕ್ಕದ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಎರಡಕ್ಕೂ ಔಷಧಿ ಒಂದೇ. ಬಾಗಿಲಿನ ಸಂದಿಗೆ ಅಂಟಿಸುವ ಫೋಮ್ ಪಟ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕೂಲರ್ ಫ್ಯಾನಿನ ಚೌಕಟ್ಟಿನ ಸುತ್ತ ಅಂಟಿಸಿ, ಗೋಡೆ ಹಾಕಿದಾಗ ಮೆತ್ತಗೆ ಒತ್ತಿಕೊಳ್ಳುವ ಹಾಗೆ. ಆಗ ಫ್ಯಾನ್ ಹೊರಗಿನದನ್ನು ಬಿಟ್ಟು ಬೇರೇನೂ ಎಳೆಯಲಾರದು. ಇಡೀ ಕೇಸಿನಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ಪರೀಕ್ಷೆಗೆ ಯಂತ್ರ ಬೇಡ, ಊದುಬತ್ತಿ ಸಾಕು. ಕಂಪ್ಯೂಟರ್ ಓಡುತ್ತಿರುವಾಗ ಹೊರಗಿನಿಂದ ಗೋಡೆಯ ಹತ್ತಿರ ಹಿಡಿದು ನಿಧಾನಕ್ಕೆ ಸರಿಸಿ. ಒಳಗೆ ಎಳೆಯುವ ಕಡೆ ಹೊಗೆ ನೇರ ಗೆರೆಯಾಗಿ ಹೋಗುತ್ತದೆ. ಎಳೆಯಬೇಕಾದ ಕಡೆ ಹೊಗೆ ತೂಗಾಡಿದರೆ ಅಲ್ಲಿ ಕಿಟಕಿ ಸಾಲದು. ಮೇಲಿನಿಂದ ಹೊರಬಂದ ಹೊಗೆ ಬಳುಕಿ ಮತ್ತೆ ಪಕ್ಕದ ಗೋಡೆಗೆ ನುಗ್ಗಿದರೆ ಪಕ್ಕದ ತೂತುಗಳನ್ನು ಮೇಲಂಚಿನ ತನಕ ಒಯ್ದಿದ್ದೀರಿ ಎಂದರ್ಥ. ಎರಡು ಬೆರಳಗಲ ಮುಚ್ಚಿ.

ಕಿಟಕಿ ಬೇರೆ ಬೇರೆ ಇರಲಿ ಎಂದು ನಾನು ಇಷ್ಟು ಹಟ ಹಿಡಿಯುವುದಕ್ಕೆ ದೊಡ್ಡವರ ಒಂದು ಉದಾಹರಣೆ ಇದೆ. 2013ರಲ್ಲಿ ಆಪಲ್ ಕಂಪನಿ ಉರುಳೆಯಾಕಾರದ ಮ್ಯಾಕ್ ಪ್ರೊ ತಂದಿತು. 251 ಮಿ.ಮೀ ಎತ್ತರ, ನೋಡಲು ಎಷ್ಟು ಚೆಂದ. ಒಳಗೆ ಬಿಸಿ ಹೀರುವ, ಮೂರು ಮೂಲೆಯ ಒಂದೇ ಲೋಹದ ಹೀಟ್‌ಸಿಂಕ್, ಅದರ ಮೂರು ಮುಖಕ್ಕೆ ಪ್ರೊಸೆಸರ್ ಮತ್ತು ಎರಡು ಗ್ರಾಫಿಕ್ಸ್ ಚಿಪ್, ಮೇಲೆ ಒಂದೇ ಫ್ಯಾನ್. ಮೂರೂ ಹೆಚ್ಚುಕಮ್ಮಿ ಒಂದೇ ಸಮ ಬಿಸಿಯಾದರೆ ಅದ್ಭುತ. ಆದರೆ ಆಮೇಲಿನ ವರ್ಷಗಳಲ್ಲಿ ಬಂದದ್ದು ಒಂದೇ ದೊಡ್ಡ, ಭಾರೀ ಬಿಸಿಯ ಗ್ರಾಫಿಕ್ಸ್ ಚಿಪ್‌ಗಳು. ಆ ಒಲೆಗೆ ಅವನ್ನು ಹೊಂದಿಸುವ ದಾರಿ ಇರಲಿಲ್ಲ. ಬಿಸಿಯ ವಿಷಯದಲ್ಲಿ ನಾವೇ ಮೂಲೆಗೆ ಸಿಕ್ಕಿಕೊಂಡೆವು ಎಂದು 2017ರಲ್ಲಿ ಆಪಲ್‌ನವರೇ ಒಪ್ಪಿಕೊಂಡರು. ಅಂಥವರಿಗೇ ಹಾಗಾಯಿತು.

ಸ್ಯಾಂಡ್‌ವಿಚ್ಚಿನಲ್ಲೂ ಹೀಗೆ ಸಿಕ್ಕಿಬೀಳುವ ಒಂದು ಭಾಗ ಇದೆ. ಹಲವು ಮಿನಿ ಐಟಿಎಕ್ಸ್ ಬೋರ್ಡುಗಳ ಹಿಂಬದಿಯಲ್ಲಿ ಬೋರ್ಡಿಗೇ ಚುಚ್ಚುವ ಚಪ್ಪಟೆ ಎಂ.2 ಡಿಸ್ಕಿಗೆ ಎರಡನೇ ಜಾಗ ಇರುತ್ತದೆ. ಅದಕ್ಕೂ ಬೆನ್ನುಮೂಳೆಗೂ ನಡುವೆ ಇರುವುದೇ ಆರೂವರೆ ಮಿ.ಮೀ, ಆಚೆ ಬದಿಗೆ ಕಾರ್ಡಿನ ಬಿಸಿ ಬೆನ್ನು. ಗಾಳಿ ಸುಳಿಯುವುದಿಲ್ಲ. ಸಾಧ್ಯವಾದರೆ ಮುಂಬದಿಯ ಜಾಗವನ್ನೇ ಬಳಸಿ. ಹಿಂದೆ ಹಾಕಲೇಬೇಕಾದರೆ ಬೆನ್ನುಮೂಳೆಯನ್ನು ಅಲ್ಯೂಮಿನಿಯಂನಲ್ಲಿ ಮಾಡಿ, ಡಿಸ್ಕಿಗೂ ಅದಕ್ಕೂ ನಡುವೆ ಬಿಸಿ ದಾಟಿಸುವ ಮೆತ್ತನೆಯ ಥರ್ಮಲ್ ಪ್ಯಾಡ್ ಇಡಿ, ತಗಡೇ ಬಿಸಿಯನ್ನು ಹರಡುತ್ತದೆ. ಆದರೆ ಹೊರಗೋಡೆಗೆ ಅಲ್ಯೂಮಿನಿಯಂ ಹಾಕಿದರೆ ತಂಪಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಬಿಸಿ ಭಾಗ ಯಾವುದೂ ಗೋಡೆಯನ್ನು ಮುಟ್ಟುತ್ತಿಲ್ಲವಲ್ಲ. 1 ಮಿ.ಮೀ ಉಕ್ಕಿನ ತಗಡು ಚೆನ್ನಾಗಿಯೇ ಇರುತ್ತದೆ.

ರೈಸರ್ ಕೇಬಲಿನಲ್ಲಿ ಕಂಜೂಸಿ ಮಾಡಬೇಡಿ, ಪಿಸಿಐಇ (ಕಾರ್ಡ್ ಚುಚ್ಚುವ ಸ್ಲಾಟಿನ ಸಂಪರ್ಕ) ನಾಲ್ಕನೇ ಜನರೇಷನ್ನಿಗೆ ಮಾಡಿದ್ದೇ ಇರಲಿ. ಸ್ಕ್ರೀನ್ ಕಪ್ಪಾಗಿಯೇ ಉಳಿದರೆ ಕಾರ್ಡ್ ಹೋಯಿತು ಅಂತ ಗಾಬರಿಯಾಗಬೇಡಿ. ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸ್ ಮೂಲಕ, ಅಂದರೆ ಬೋರ್ಡಿನ ವಿಡಿಯೋ ಪೋರ್ಟಿಗೆ ಮಾನಿಟರ್ ಹಾಕಿ, ಬಯಾಸ್‌ನಲ್ಲಿ, ಅಂದರೆ ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ, ಕಾರ್ಡಿನ ಸ್ಲಾಟನ್ನು ಜನರೇಷನ್ 3ಕ್ಕೆ ಇಳಿಸಿ ನೋಡಿ. ಎಷ್ಟೋ ಸಲ ಕೇಬಲಿನದೇ ತಕರಾರು.

ತಗಡಿನ ಕೆಲಸ ನಿಮ್ಮ ಭಾವನವರಿಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಕಂಪ್ಯೂಟರಿನ ಕೆಲವು ಅಳತೆ ಅವರಿಗೆ ಹೊಸದಿರಬಹುದು. ಮಿನಿ ಐಟಿಎಕ್ಸ್ ಬೋರ್ಡ್ 170 × 170, ಪಕ್ಕಾ ಚೌಕ. ಅದರ ನಾಲ್ಕು ತೂತು ಮಾತ್ರ ಚೌಕದಲ್ಲಿಲ್ಲ, 154.94 × 157.48. ಎರಡೂವರೆ ಮಿ.ಮೀ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಸ್ಕ್ರೂ ಹಾಕುವಾಗ ಕಾಣುತ್ತದೆ. ಹಿಂದಿನ ಕನೆಕ್ಟರುಗಳ ಕಿಂಡಿ 158.75 × 44.45. 1 ಮಿ.ಮೀ ತಗಡಿಗೆ ಟ್ಯಾಪ್ ಮಾಡಿದ ಎಳೆ ಎರಡು ಸಲಕ್ಕೆ ಸವೆಯುತ್ತದೆ, ರಿವೆಟ್ ನಟ್ ಹಾಕಿಸಿ. ಗೋಡೆಗೆ 4 ಮಿ.ಮೀ ತೂತು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 5 ಮಿ.ಮೀ, ಸಾಲು ತಪ್ಪಿಸಿ. ಆಗ ಗೋಡೆಯ ಸುಮಾರು 58 ಶೇಕಡಾ ತೆರೆದಿರುತ್ತದೆ. ಅದಕ್ಕಿಂತ ದೊಡ್ಡ ತೂತು ಬೇಡ. ಒಳಗೆ ಬೆಚ್ಚಗಿರುತ್ತದೆ ನೋಡಿ, ಹಲ್ಲಿಮರಿಗೆ ಅದಕ್ಕಿಂತ ಒಳ್ಳೆ ಮನೆ ಬೇಕಾ? ಧೂಳಿಗೆ ಒಳಗಡೆಯಿಂದ ತೆಳ್ಳನೆಯ ನೈಲಾನ್ ಜಾಲಿ ಹಾಕಿ, ತಿಂಗಳಿಗೊಮ್ಮೆ ತೊಳೆಯಿರಿ.

ಇನ್ನೊಂದು, ಡ್ರಾಯಿಂಗಿನಲ್ಲಿ ಪ್ರತಿ ಬೆಂಡಿನ ಪಕ್ಕ ಯಾವ ಕಡೆಗೆ ಅಂತ ಬರೆಯಿರಿ. ನಾನು ಒಮ್ಮೆ ಬರೆಯದೆ ಕಳಿಸಿದ್ದೆ. ವರ್ಕ್‌ಶಾಪಿನ ಹುಡುಗ ತನಗೆ ತೋಚಿದ ಕಡೆಗೆ ಬಗ್ಗಿಸಿದ. ಕೈಗೆ ಬಂದದ್ದು ಕನ್ನಡಿಯಲ್ಲಿ ಕಂಡಂಥ ಕೇಸು, ಹಿಂದಿನ ಕಿಂಡಿ ತಪ್ಪು ಬದಿಗೆ. ಬೈಯೋಣ ಅಂದರೆ ತಪ್ಪು ನನ್ನದೇ.

ಅರ್ತಿಂಗ್ ಬಗ್ಗೆ ಸ್ವಲ್ಪ ಗಂಭೀರವಾಗಿ ಕೇಳಿ. ಪವರ್ ಸಪ್ಲೈ ಒಳಗೆ ಸೇರಿಕೊಂಡದ್ದರಿಂದ ಹಿಂಬದಿಯ ಸಾಕೆಟ್ಟಿನಿಂದ ಅದಕ್ಕೆ ಒಂದು ಒಳ ತಂತಿ ಎಳೆಯಬೇಕು. ಮೂರು ತಂತಿಯ ರೆಡಿಮೇಡ್ ಎಕ್ಸ್‌ಟೆನ್ಷನ್ ಸಿಗುತ್ತದೆ, ಅದನ್ನೇ ಬಳಸಿ, ನೀವೇ ಬೆಸೆಯಲು ಹೋಗಬೇಡಿ. ಪೌಡರ್ ಕೋಟಿಂಗ್ ಕರೆಂಟನ್ನು ಬಿಡುವುದಿಲ್ಲ. ಹಾಗಾಗಿ ಪವರ್ ಸಪ್ಲೈ ಸ್ಕ್ರೂ ಕೂರುವ ಜಾಗದಲ್ಲಿ, ಗೋಡೆಗಳು ಚೌಕಟ್ಟನ್ನು ಸೇರುವ ಒಂದೊಂದು ಜಾಗದಲ್ಲಿ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವ ಹಾಗೆ ಮಾಡಿ. ಆಮೇಲೆ ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ದಪ್ಪ ಪಿನ್ನಿಗೂ ಪ್ರತಿ ಗೋಡೆಗೂ ಬೀಪ್ ಬರುತ್ತದೆಯೇ ನೋಡಿ. ಮನೆಯ ಸಾಕೆಟ್ಟಿನಲ್ಲಿ ಅರ್ತ್ ಇಲ್ಲದಿದ್ದರೆ ಕೇಸ್ ಮುಟ್ಟಿದಾಗ ಕೈ ಜುಮ್ ಅನ್ನುತ್ತದೆ. ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರುಗಳಿಂದ ಬರುವ ಚೂರು ಕರೆಂಟ್ ಅದು. ಕೇಸಿನ ತಪ್ಪಲ್ಲ, ಆದರೆ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ.

ತಾಪಮಾನ ನೋಡುವಾಗ ವಿದೇಶದ ವಿಡಿಯೋಗಳ ಅಂಕಿ ನೋಡಿ ಬೇಜಾರಾಗಬೇಡಿ. ಅವರ ಕೋಣೆ 22 ಡಿಗ್ರಿ ಇದ್ದರೆ ನಿಮ್ಮದು ಏಪ್ರಿಲ್‌ನಲ್ಲಿ 35 ಇರುತ್ತದೆ. ಆ 13 ಡಿಗ್ರಿ ಹಾಗೇ ಒಳಗೂ ಸೇರುತ್ತದೆ. ರೈಜನ್ 7600 ತಾನಾಗಿ ವೇಗ ಇಳಿಸುವುದು 95 ಡಿಗ್ರಿಯಲ್ಲಿ. ಬೇಸಿಗೆಯಲ್ಲಿ ಅದರ ಹತ್ತಿರ ಹೋಗುತ್ತಿದ್ದರೆ ಬಯಾಸ್‌ನಲ್ಲಿ ಪ್ರೊಸೆಸರಿನ ಪವರ್ ಲಿಮಿಟನ್ನು 88ರಿಂದ 65 ವ್ಯಾಟಿಗೆ ಇಳಿಸಿ. ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ಫ್ಯಾನಿನ ಸದ್ದಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ತಗಡು ಕತ್ತರಿಸುವ ಮೊದಲು ಒಂದು ಸಲ ರಟ್ಟಿನಲ್ಲಿ ಮಾಡಿ, ಟಿವಿ ಬಂದ ಡಬ್ಬದ ರಟ್ಟು ಸಾಕು. ತಂತಿ ಸಮೇತ ಎಲ್ಲವನ್ನೂ ಕೂರಿಸಿ, ಬಾಗಿಲು ಮುಚ್ಚಿ ನೋಡಿ. ತಗಡಿನದು ತಯಾರಾದ ಮೇಲೂ ಪೌಡರ್ ಕೋಟಿಂಗಿಗೆ ಕೊಡಲು ಅವಸರ ಬೇಡ. ಅಂಚುಗಳನ್ನು ಮಾತ್ರ ಅರದಲ್ಲಿ ಉಜ್ಜಿ ಒಂದು ವಾರ ಬರೀ ತಗಡಿನಲ್ಲೇ ಓಡಿಸಿ. ಇನ್ನೊಂದೆರಡು ತೂತು ಬೇಕು ಅಂತ ಅಷ್ಟರಲ್ಲಿ ಖಂಡಿತ ಅನಿಸುತ್ತದೆ.